ಕೃತಕ ಕಾಲು ಮತ್ತು ಊರಿನ ಬದುಕು: ಅಂಗಚ್ಛೇದನದ ನಂತರದ ಪುನರ್ವಸತಿಯ ವಿವೇಚನೆ

ಅಪಘಾತದಿಂದಲೋ ಮಧುಮೇಹದಿಂದಲೋ ಕಾಲು ಕಳೆದುಕೊಂಡವರ ಪುನರ್ವಸತಿ ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ಸಾಮಾನ್ಯವಾಗಿ ಅವರು ಆಸ್ಪತ್ರೆಯ ಸಮತಟ್ಟು ನೆಲದ ಮೇಲೆ ಎಷ್ಟು ದೂರ, ಎಷ್ಟು ಸ್ಥಿರವಾಗಿ ನಡೆಯಬಲ್ಲರೆಂಬುದರಿಂದ ಅಳೆಯಲಾಗುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ, ಐಸಿಎಫ್ ಎಂದು ಹೆಸರಾದ ವರ್ಗೀಕರಣವು ಅಂಗವೈಕಲ್ಯವನ್ನು ದೇಹದ ರಚನೆ ಮತ್ತು ಕಾರ್ಯ, ಚಟುವಟಿಕೆ, ಸಹಭಾಗಿತ್ವ ಎಂಬ ನೆಲೆಗಳಲ್ಲಿ ಪರಿಶೀಲಿಸುತ್ತದೆ. ಚಟುವಟಿಕೆಯೆಂದರೆ ನಡೆಯುವುದು, ಮೆಟ್ಟಿಲು ಹತ್ತುವುದು ಮುಂತಾದ ಕೆಲಸಗಳನ್ನು ಮಾಡುವುದು. ಸಹಭಾಗಿತ್ವವೆಂದರೆ ದುಡಿಮೆ, ಮದುವೆ, ಜಾತ್ರೆ, ಗ್ರಾಮಸಭೆಗಳಂಥ ಸಂದರ್ಭಗಳಲ್ಲಿ ಇತರರೊಡನೆ ತೊಡಗಿಕೊಳ್ಳುವುದು. ಈ ಕೊನೆಯ ನೆಲೆಯನ್ನು ಮುಟ್ಟದ ಪುನರ್ವಸತಿ ಅಪೂರ್ಣವೆಂಬುದು ಪ್ರಸ್ತುತ ಲೇಖನದ ವಾದ.

ಈ ವಾದಕ್ಕೆ ಜೈಪುರ ಕಾಲಿನ ಚರಿತ್ರೆಯೇ ಆಧಾರ ಒದಗಿಸುತ್ತದೆ. ಪಾಶ್ಚಾತ್ಯ ದೇಶಗಳಿಂದ ಬಂದ ಸ್ಯಾಚ್ ಪಾದದೊಳಗೆ ಬಾಗದ ಗಟ್ಟಿ ತಿರುಳಿದ್ದು, ಅದನ್ನು ಬೂಟಿನೊಳಗೆ ತೊಡುವಂತೆ ರೂಪಿಸಲಾಗಿದ್ದರಿಂದ, ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯುವ, ಕುಕ್ಕರಗಾಲಲ್ಲಿ ಕೂರುವ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ ಜನರಿಗೆ ಅದು ಒಗ್ಗಲಿಲ್ಲ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ಶಸ್ತ್ರವೈದ್ಯ ಡಾ. ಪಿ. ಕೆ. ಸೇಠಿ ಅವರು ಜೈಪುರದಲ್ಲಿ ರೂಪಿಸಿದ ರಬ್ಬರ್ ಪಾದವು ಹಲವು ದಿಕ್ಕುಗಳಿಗೆ ಬಾಗುತ್ತದೆ, ನೀರಿಗೆ ಕೆಡುವುದಿಲ್ಲ, ಬೂಟನ್ನೂ ಬೇಡುವುದಿಲ್ಲ. ಬಳಸುವವರ ಬದುಕಿನ ರೀತಿಯೇ ಇಲ್ಲಿ ಸಾಧನದ ವಿನ್ಯಾಸವನ್ನು ನಿರ್ಧರಿಸಿತು.

ಸಾಧನ ಸೂಕ್ತವಾಗಿದ್ದರೂ ಮನೆಗೆ ಮರಳಿದ ಮೇಲಿನ ತಿಂಗಳುಗಳು ನಿರ್ಣಾಯಕ. ಮೊಣಕಾಲಿನ ಕೆಳಗೆ ಉಳಿದ ಭಾಗದ ಬಾವು ಇಳಿದು ಸ್ನಾಯು ಕರಗುವುದರಿಂದ, ಅದು ಕೂರುವ ಸಾಕೆಟ್ ಎಂಬ ಬಟ್ಟಲಿನಾಕಾರದ ಭಾಗ ಕ್ರಮೇಣ ಸಡಿಲವಾಗುತ್ತದೆ. ಆಗ ಕಾಲುಚೀಲದ ಪದರ ಹೆಚ್ಚಿಸಬೇಕು, ದಿನವೂ ಚರ್ಮದ ಮೇಲೆ ಗುಳ್ಳೆ, ಕೆಂಪು ಕಲೆಗಳಿವೆಯೇ ಎಂದು ಕನ್ನಡಿ ಹಿಡಿದು ನೋಡಬೇಕು, ಕೊನೆಗೆ ಸಾಕೆಟ್ಟನ್ನೇ ಬದಲಿಸಬೇಕು. ಇದಕ್ಕಾಗಿ ದೂರದ ನಗರಕ್ಕೆ ಹೋಗಲು ಬಸ್ ಖರ್ಚಿನ ಜೊತೆಗೆ ದಿನದ ಕೂಲಿಯನ್ನೂ ಬಿಡಬೇಕಾದವರ ಮನೆಯಲ್ಲಿ ಕೃತಕ ಕಾಲು ಮೂಲೆ ಸೇರುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಹಂತದಲ್ಲಿ ಆಸ್ಪತ್ರೆಗೂ ಮನೆಗೂ ಕೊಂಡಿಯಾಗಬಲ್ಲರು.

ದುಡಿಮೆಯ ಪ್ರಶ್ನೆ ಇನ್ನೂ ಜಟಿಲವಾದುದು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 20ನೆಯ ಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಅವರ ದರ್ಜೆಯನ್ನು ಇಳಿಸುವಂತಿಲ್ಲ. ಹಳೆಯ ಹುದ್ದೆ ನಿಭಾಯಿಸಲಾಗದಿದ್ದರೆ ಅದೇ ವೇತನಶ್ರೇಣಿಯ ಬೇರೊಂದು ಹುದ್ದೆ ನೀಡಬೇಕು. ಆದರೆ ಕೃಷಿಕೂಲಿಗೂ ಗಾರೆ ಕೆಲಸದವರಿಗೂ ಇಂಥ ರಕ್ಷಣೆ ಈ ಕಲಮಿನಿಂದ ದೊರೆಯುವುದಿಲ್ಲ. ಕಾಲನ್ನೇ ನೆಚ್ಚಿ ದುಡಿಯುವವರು ಹೆಚ್ಚಾಗಿ ಇಂಥವರೇ.

ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಡುವ ಪತ್ರದಲ್ಲಿ ಔಷಧ, ವ್ಯಾಯಾಮಗಳ ಜೊತೆಗೆ ರೋಗಿಯ ಕಸುಬು, ಮನೆಯ ಶೌಚಾಲಯದ ಬಗೆ, ಆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಹೆಸರು ದಾಖಲಾಗಬೇಕು. ಮರುಭೇಟಿಯಲ್ಲಿ ನಡಿಗೆಯಷ್ಟೇ ಕಡ್ಡಾಯವಾಗಿ ದುಡಿಮೆಯನ್ನೂ ವಿಚಾರಿಸಬೇಕು.