ಪುಸ್ತಕದ ಬೀರುವಿನ ಧ್ವನಿಪೆಟ್ಟಿಗೆ

ಹೋದ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ವಿವಾದವೆದ್ದಿತು. ರೇಡಿಯೋ ಕೇಳಲೂ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಲೂ ಒಂದು ಜೊತೆ ಸ್ಪೀಕರುಗಳನ್ನು ಕೊಳ್ಳುವುದೆಂದು ನಿಶ್ಚಯವಾಗಿತ್ತು. ಅವು ನನ್ನ ಪುಸ್ತಕದ ಬೀರುವಿನಲ್ಲಿ ಹಿಡಿಸುವಷ್ಟು ಸಣ್ಣವಾಗಿರಬೇಕೆಂಬುದರಲ್ಲಿ ಎಲ್ಲರದೂ ಒಮ್ಮತ. ಆದರೆ ಯಾವುದನ್ನು ಕೊಳ್ಳುವುದು? ಮಗನಿಗೆ ಮೃದಂಗದ ಎಡಗೈ ಪೆಟ್ಟು ಎದೆಗೆ ತಾಕಬೇಕು. ಎಂಬತ್ತು ದಾಟಿದ ನನ್ನ ತಾಯಿಯವರಿಗೆ ವಾರ್ತೆ ಓದುವವರ ಮಾತು ತಿಳಿಯಬೇಕು. "ಶಬ್ದ ಬರತ್ತೆ ಕಣೋ, ಮಾತು ಬರಲ್ಲ" ಎಂಬುದು ಹಳೆಯ ಯಂತ್ರದ ಮೇಲೆ ಅವರ ದೂರು. ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದವನಿಗೆ ಶಬ್ದಕ್ಕೂ ಮಾತಿಗೂ ಇರುವ ಭೇದವನ್ನು ತಾಯಿಯೇ ತಿಳಿಸಿಕೊಡಬೇಕಾಯಿತು. ಅಂಗಡಿಗೆ ಹೋಗುವ ಮುನ್ನ ಈ ಪೆಟ್ಟಿಗೆಗಳ ಪೂರ್ವೋತ್ತರವನ್ನು ವಿಚಾರಿಸೋಣವೆಂದು ಓದತೊಡಗಿದೆ. ಓದಿದಂತೆಲ್ಲ, ನಮ್ಮ ಮನೆಯ ಜಗಳ ಹಳೆಯದೇ ಎಂದು ತಿಳಿಯಿತು.

ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದನ್ನು ತೂಗಿ ವಿದ್ಯುತ್ತಿನಿಂದ ಅದನ್ನು ಅಲುಗಿಸುವ ಕಲ್ಪನೆ 1874ರಲ್ಲಿ ಜರ್ಮನಿಯ ಸೀಮೆನ್ಸನಿಗೆ ಹೊಳೆದಿತ್ತು. 1898ರಲ್ಲಿ ಇಂಗ್ಲೆಂಡಿನ ಆಲಿವರ್ ಲಾಜ್ ಅದಕ್ಕೆ ಇನ್ನೊಂದು ರೂಪ ಕೊಟ್ಟನು. ಮನೆಯ ರೇಡಿಯೋಗೆ ಒಪ್ಪುವಂತೆ ಅದನ್ನು ತಿದ್ದಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್, 1925ರಲ್ಲಿ. ಇಂದಿಗೂ ನಮ್ಮ ಮನೆಗಳಲ್ಲಿ ಮಾತಾಡುವುದು ಬಹುಮಟ್ಟಿಗೆ ಅವರ ಕಾಗದದ ಶಂಕುವಿನ ಸಂತತಿಯೇ. ಆದರೆ ಅದಕ್ಕೊಂದು ಹುಟ್ಟುದೋಷವುಂಟು. ಶಂಕು ಮುಂದಕ್ಕೆ ತಳ್ಳಿದ ಗಾಳಿಯನ್ನು ಹಿಂದಕ್ಕೂ ಎಳೆಯುತ್ತದೆ. ಎರಡೂ ಸೇರಿದರೆ ಮಂದ್ರಸ್ವರ ಒಂದನ್ನೊಂದು ನುಂಗಿಕೊಳ್ಳುತ್ತದೆ. ಅದನ್ನು ತಡೆಯಲು ಪೆಟ್ಟಿಗೆ ಬೇಕು. ಆಳವಾದ ಮಂದ್ರ ಬೇಕಾದರೆ ಪೆಟ್ಟಿಗೆ ದೊಡ್ಡದಾಗಬೇಕು. ಹೀಗಾಗಿ 1950ರ ಸುಮಾರಿಗೆ ಸಂಗೀತಪ್ರಿಯರ ಮನೆಗಳಲ್ಲಿ ಬಟ್ಟೆಯ ಬೀರುವಿನಷ್ಟು ಗಾತ್ರದ ಪೆಟ್ಟಿಗೆಗಳು ಮೂಲೆ ಹಿಡಿದು ನಿಂತಿದ್ದವು.

ಇಲ್ಲಿ ಒಬ್ಬ ಮೇಷ್ಟರ ಪ್ರವೇಶವಾಗುತ್ತದೆ. ನನ್ನ ವೃತ್ತಿಯವನೆಂಬ ಅಭಿಮಾನದಿಂದ ಅವನ ಬಳಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ಓದುಗರು ಕ್ಷಮಿಸಬೇಕು. ಎಡ್ಗರ್ ವಿಲ್ಚರ್, ಹುಟ್ಟಿದ್ದು 1917ರಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸಂಜೆಯ ತರಗತಿಯಲ್ಲಿ ಧ್ವನಿ ಪುನರುತ್ಪಾದನೆಯ ವಿಷಯವನ್ನು ಬೋಧಿಸುತ್ತಿದ್ದವನು. ಶಂಕುವಿನ ಅಂಚನ್ನು ಹಿಡಿದಿರುವ ಬಿಗಿಯಾದ ಪಟ್ಟಿಯೇ ಅಪಶ್ರುತಿಗೆ ಮೂಲವೆಂದು ಅವನು ಕಂಡುಕೊಂಡನು. ಶಂಕು ಹೆಚ್ಚು ದೂರ ಚಲಿಸಿದಷ್ಟೂ ಆ ಪಟ್ಟಿ ಒಂದೇ ಸಮನಾಗಿ ಎಳೆಯದೆ ವಕ್ರವಾಗಿ ಎಳೆಯುತ್ತದೆ. ಪಟ್ಟಿಯನ್ನು ಸಡಿಲಬಿಟ್ಟು, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸೆರೆಯಾದ ಗಾಳಿಯನ್ನೇ ಸ್ಪ್ರಿಂಗಾಗಿ ಮಾಡಿದರೆ? ಗಾಳಿ ಉಕ್ಕಿಗಿಂತಲೂ ಬಟ್ಟೆಗಿಂತಲೂ ಪ್ರಾಮಾಣಿಕವಾದ ಸ್ಪ್ರಿಂಗು. ಸೋಜಿಗವೇನೆಂದರೆ, ಗಾಳಿ ಹಾಗೆ ಬಿಗಿಯಾಗಿರಬೇಕಾದರೆ ಪೆಟ್ಟಿಗೆ ಸಣ್ಣದಾಗಿಯೇ ಇರಬೇಕು! ಅದುವರೆಗೆ ದೋಷವಾಗಿದ್ದ ಕಿರಿತನ ಗುಣವಾಗಿ ಪರಿಣಮಿಸಿತು. ಮೊದಲ ಮಾದರಿಯ ಮೆತ್ತನೆಯ ಅಂಚನ್ನು ಅವನ ಹೆಂಡತಿ ರೋಸ್‌ಮೇರಿ ಹಾಸಿಗೆಯ ಗೌಸಿನ ಬಟ್ಟೆಯಿಂದ ರೂಪಿಸಿದಳಂತೆ.

ದೊಡ್ಡ ಕಂಪನಿಗಳ ಬಾಗಿಲಿಗೆ ಈ ಯೋಚನೆಯನ್ನು ಹೊತ್ತುಕೊಂಡು ಹೋದರೆ ಯಾರೂ ಕಿವಿಗೊಡಲಿಲ್ಲ. ಕಿವಿಗೊಟ್ಟವನು ತರಗತಿಯ ಶಿಷ್ಯ, ಆಗ ಸೈನ್ಯದಲ್ಲಿದ್ದ ಹೆನ್ರಿ ಕ್ಲಾಸ್. ಗುರುಶಿಷ್ಯರಿಬ್ಬರೂ ಸೇರಿ ಮೆಸಾಚುಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿ, 1954ರಲ್ಲಿ ಎ.ಆರ್.-1 ಎಂಬ ಪೆಟ್ಟಿಗೆಯನ್ನು ನ್ಯೂಯಾರ್ಕಿನ ಪ್ರದರ್ಶನಕ್ಕೆ ತಂದರು. ಸುಮಾರು ಎರಡಡಿ ಉದ್ದದ ಪೆಟ್ಟಿಗೆಯಿಂದ ಬೀರುಗಾತ್ರದ ಮಂದ್ರ ಹೊಮ್ಮಿತು. 1958ರ ಎ.ಆರ್.-3 ಬಂದಮೇಲೆ ಅವರು ಇನ್ನೂ ಧೈರ್ಯದ ಪರೀಕ್ಷೆಗೆ ಇಳಿದರು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರು ವಾದಕರು ಸಭೆಯಲ್ಲಿ ನುಡಿಸುವರು. ನಡುನಡುವೆ ಕಮಾನನ್ನು ಸುಮ್ಮನೆ ಆಡಿಸುವರು, ಆಗ ಧ್ವನಿ ಬರುತ್ತಿದ್ದುದು ಪೆಟ್ಟಿಗೆಗಳಿಂದ. ಎಲ್ಲಿ ವಾದಕರು ನಿಂತರು, ಎಲ್ಲಿ ಪೆಟ್ಟಿಗೆ ತೊಡಗಿತು ಎಂಬುದನ್ನು ಸಭಿಕರಲ್ಲಿ ಬಹುಮಂದಿ ಗುರುತಿಸಲಾರದೆ ಹೋದರು.

ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಕ್ಲಾಸ್ 1957ರಲ್ಲಿ ಗುರುವನ್ನು ಬಿಟ್ಟು ಕೆ.ಎಲ್.ಎಚ್. ಎಂಬ ಬೇರೆ ಸಂಸ್ಥೆ ತೆರೆದಾಗ ಜೊತೆಗೂಡಿದ ಹಾಫ್‌ಮನ್, ಪ್ರಸಿದ್ಧ ಪಿಯಾನೋ ವಾದಕನೊಬ್ಬನ ಮಗ, ಈ ವ್ಯವಹಾರವನ್ನು ಒಂದು ಕಟ್ಟಳೆಯಾಗಿ ಹೇಳಿದನು. ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಅಲ್ಪ ವಿದ್ಯುತ್ತಿನಲ್ಲಿ ಗಟ್ಟಿ ಧ್ವನಿ: ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ವಿಲ್ಚರ್ ಮೂರನೆಯದನ್ನು ಬಿಟ್ಟುಕೊಟ್ಟನು. ಅವನ ಪೆಟ್ಟಿಗೆಗೆ ಬಲವಾದ ಆಂಪ್ಲಿಫಯರ್ ಬೇಕಾಯಿತು. ಅಂಗಡಿಯವನು "ಸಣ್ಣದು, ಆದರೆ ಎಲ್ಲ ಇದೆ ಸ್ವಾಮಿ" ಎಂದಾಗ ಈ ಕಟ್ಟಳೆ ನೆನಪಿದ್ದರೆ ಒಳ್ಳೆಯದು.

ಇಂಗ್ಲೆಂಡಿನಲ್ಲಿ ಬಿ.ಬಿ.ಸಿ.ಯವರ ಗರಜು ಬೇರೆಯಾಗಿತ್ತು. ಹೊರಾಂಗಣ ಪ್ರಸಾರದ ಇಕ್ಕಟ್ಟಾದ ವ್ಯಾನಿನೊಳಗೆ ಕುಳಿತು ಧ್ವನಿಯ ಗುಣವನ್ನು ಪರೀಕ್ಷಿಸಲು ಅವರಿಗೊಂದು ಪುಟ್ಟ ಪೆಟ್ಟಿಗೆ ಬೇಕಿತ್ತು. ಸ್ಟುಡಿಯೋಗಳ ಎಂಟನೆಯ ಒಂದು ಅಳತೆಯ ಮಾದರಿಗಳನ್ನು ಕಟ್ಟಿ ಪ್ರಯೋಗ ನಡೆಸುತ್ತಿದ್ದಾಗ ಮಾಡಿಕೊಂಡಿದ್ದ ಸಣ್ಣ ಸ್ಪೀಕರೊಂದು ದಾರಿ ತೋರಿಸಿತು. ಹೀಗೆ 1970ರ ದಶಕದಲ್ಲಿ ಎಲ್.ಎಸ್. 3/5ಎ ಹುಟ್ಟಿತು, ಹಾರ್ವುಡ್ ಮೊದಲಾದವರು 1976ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಎತ್ತರ ಸುಮಾರು 30 ಸೆಂಟಿಮೀಟರು, ಅಗಲ 19, ಆಳ 16. ಕಾಗದದ ಗುಣ ಒಂದೊಂದು ಸಲಕ್ಕೆ ಒಂದೊಂದು ಬಗೆಯೆಂದು, ಶಂಕುವನ್ನು ಪ್ಲಾಸ್ಟಿಕ್ಕಿನಿಂದ ಮಾಡಿದರು. ಇವರು ಹಾಫ್‌ಮನ್ನನ ಮೂರರಲ್ಲಿ ಸಣ್ಣತನವೊಂದನ್ನೇ ಹಿಡಿದು, ಆಳವಾದ ಮಂದ್ರವನ್ನೂ ಗಟ್ಟಿತನವನ್ನೂ ಬಿಟ್ಟರು! ಬಿಟ್ಟು ಪಡೆದದ್ದೇನು? ಮನುಷ್ಯನ ಮಾತು. ಬಿ.ಬಿ.ಸಿ. ಸಂಶೋಧಕರಿಗೆ ಪರಿಚಿತ ಕಂಠವೇ ಒರೆಗಲ್ಲು. ವಾದ್ಯದಲ್ಲಿ ತುಸು ಬಣ್ಣ ಬೆರೆತರೆ ಕಿವಿ ಮನ್ನಿಸುತ್ತದೆ, ದಿನವೂ ಕೇಳುವ ಕಂಠದಲ್ಲಿ ಮನ್ನಿಸುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಸುಮಾರು 80 ಹರ್ಟ್ಸಿನ ಕೆಳಗೆ ಈ ಪೆಟ್ಟಿಗೆಯ ಸ್ವರ ಇಳಿದುಹೋಗುತ್ತದೆ. ಅದಕ್ಕಿಂತ ಮೇಲೆ ತುಸು ಉಬ್ಬಿದೆ. ಮೂಲಸ್ವರವಿಲ್ಲದಿದ್ದರೂ ಅದರ ಅನುಸ್ವರಗಳಿಂದ ಕಿವಿ ಅದನ್ನು ತಾನೇ ಊಹಿಸಿಕೊಳ್ಳುತ್ತದೆ. ಹೇಳದೆಯೇ ಹೊಳೆಯುವ ಅರ್ಥಕ್ಕೆ ಆನಂದವರ್ಧನನು ಧ್ವನಿಯೆಂದು ಹೆಸರಿಟ್ಟದ್ದು ಒಂಬತ್ತನೆಯ ಶತಮಾನದಲ್ಲಿ. ಅವನ ಸಿದ್ಧಾಂತಕ್ಕೆ ಮರದ ಪೆಟ್ಟಿಗೆಯಲ್ಲೊಂದು ಉದಾಹರಣೆ ಸಿಕ್ಕೀತೆಂದು ನಾನು ಭಾವಿಸಿರಲಿಲ್ಲ.

ವಿಲ್ಚರನ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅವನಿಗೆ 1956ರಲ್ಲಿ ದೊರೆತಿದ್ದ ಪೇಟೆಂಟು, ಹ್ಯಾರಿ ಓಲ್ಸನ್ ಎಂಬುವನ ಹಿಂದಿನ ಪೇಟೆಂಟಿನ ಕಾರಣದಿಂದ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅವನು ಮೇಲ್ಮನವಿಗೆ ಹೋಗಲಿಲ್ಲ. 1967ರಲ್ಲಿ ಕಂಪನಿಯನ್ನು ಮಾರಿ, ಕಿವಿ ಮಂದವಾದವರ ಶ್ರವಣಯಂತ್ರದ ಕಡೆಗೆ ತಿರುಗಿದನು. ಮೆಲ್ಲನೆಯ ವ್ಯಂಜನಗಳನ್ನು ಹೆಚ್ಚು ಎತ್ತಿ, ಜೋರಾದ ಸ್ವರಗಳನ್ನು ಕಡಿಮೆ ಎತ್ತುವ ಕ್ರಮವನ್ನು 1973ರಲ್ಲಿ ಪ್ರಕಟಿಸಿದನು. ಅದಕ್ಕೆ ಪೇಟೆಂಟನ್ನೇ ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟನು. 2011ರಲ್ಲಿ ಅವನು ತೀರಿಕೊಂಡಾಗ ಅಂಥ ಯಂತ್ರಗಳು ಲೋಕದ ತುಂಬ ಹರಡಿದ್ದವು. ನನ್ನ ತಾಯಿಯ ಬಲಗಿವಿಯಲ್ಲಿರುವುದೂ ಆ ಜಾತಿಯದೇ.

ಕೊನೆಗೆ ತಾಯಿಯವರನ್ನೂ ಕರೆದುಕೊಂಡು ಅಂಗಡಿಗೆ ಹೋದೆವು. ಅಂಗಡಿಯವನು ಸಿನಿಮಾ ಹಾಡು ಹಚ್ಚಿ ಗಾಜಿನ ಬಾಗಿಲು ನಡುಗಿಸಿದನು. ಅದನ್ನು ನಿಲ್ಲಿಸಿ ವಾರ್ತೆಯನ್ನು ಹಾಕಲು ಹೇಳಿದೆ. ಅವನು ನನ್ನ ಮುಖ ನೋಡಿದನು, ಆದರೂ ಹಾಕಿದನು. ಎರಡು ಜೊತೆಗಳನ್ನು ಒಂದೇ ಗಟ್ಟಿತನಕ್ಕಿಳಿಸಿ ಒಂದಾದಮೇಲೊಂದು ಕೇಳಿಸಿದೆವು. ಗಟ್ಟಿಯಾದುದೇ ಲೇಸೆಂದು ಕಿವಿ ಮೋಸಹೋಗುತ್ತದಲ್ಲವೆ! ತಾಯಿಯವರು ಕಣ್ಣು ಮುಚ್ಚಿ ಕೇಳಿ, ಕಿರಿಯದರತ್ತ ಕೈಮಾಡಿ, "ಇದರಲ್ಲಿ ಆಕೆ ಎದುರಿಗೆ ಕೂತು ಹೇಳ್ತಾ ಇದಾಳೆ" ಎಂದರು.

ಮಗ ಒಂದು ದಿನ ಮುಖ ಊದಿಸಿಕೊಂಡಿದ್ದನು. ಆಮೇಲೆ ಪೆಟ್ಟಿಗೆಗಳನ್ನು ಗೋಡೆಯ ಹತ್ತಿರಕ್ಕೆ ಸರಿಸಿದರೆ ಮಂದ್ರ ತುಸು ತುಂಬಿಕೊಳ್ಳುತ್ತದೆಂದು ತಾನೇ ಕಂಡುಹಿಡಿದು ಸಮಾಧಾನಗೊಂಡನು. ಕಿಟ್ಟೆಲ್ಲರ ನಿಘಂಟು ಈಗ ಕೆಳಗಿನ ಹಲಗೆಯಲ್ಲಿದೆ, ಬಗ್ಗಿ ತೆಗೆದುಕೊಳ್ಳುತ್ತೇನೆ.