ಎಳೆಗೂಸಿನ ಸಲಕರಣೆಗಳು

ಹುಟ್ಟಿದ ಮಗುವನ್ನು ಮಲಗಿಸಲು, ಅದಕ್ಕೆ ಹಾಲೂಡಿಸಲು, ಅದನ್ನು ಬೆಚ್ಚಗೆ ಮತ್ತು ಶುಚಿಯಾಗಿ ಇಡಲು, ಹೊರಗೆ ಒಯ್ಯಲು ಬಳಸುವ ಸಾಮಗ್ರಿಗಳಿಗೆ ಎಳೆಗೂಸಿನ ಸಲಕರಣೆಗಳು ಎನ್ನಬಹುದು. ಮೊದಲ 28 ದಿನಗಳ ಮಗುವಿಗೆ ವೈದ್ಯಶಾಸ್ತ್ರದಲ್ಲಿ ನವಜಾತ ಶಿಶು ಎಂದು ಹೆಸರು. ಕತ್ತು ನಿಲ್ಲದ, ಮೈಬಿಸಿಯನ್ನು ತಾನೇ ಚೆನ್ನಾಗಿ ಕಾಯ್ದುಕೊಳ್ಳಲಾರದ ಈ ಅವಧಿಯಲ್ಲಿ ಸಲಕರಣೆಯ ಅಂದಕ್ಕಿಂತ ಅದು ಉಸಿರಿಗೆ ಅಡ್ಡಿಯಾಗದಿರುವುದು ಮತ್ತು ಸುಲಭವಾಗಿ ತೊಳೆಯಲು ಬರುವುದು ಮುಖ್ಯ.

ಕರ್ನಾಟಕದಲ್ಲಿ ಇವುಗಳ ಪೈಕಿ ಅಗ್ರಸ್ಥಾನ ತೊಟ್ಟಿಲಿನದು. ತೊಲೆಗೆ ಸರಪಳಿಯಿಂದ ತೂಗುಹಾಕುವ ಮರದ ತೊಟ್ಟಿಲುಗಳಲ್ಲಿ ಧಾರವಾಡ ಜಿಲ್ಲೆಯ ಕಲಘಟಗಿಯವು ಹೆಸರುವಾಸಿಯಾಗಿದ್ದು, ಚಿತ್ರಗಾರ ಮನೆತನದವರು ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ ಮೊದಲಾದ ಪುರಾಣ ಪ್ರಸಂಗಗಳನ್ನು ಅವುಗಳ ಮೇಲೆ ಬರೆಯುತ್ತಾರೆ. ನಾಮಕರಣದಂದು ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುವ ಪದ್ಧತಿ ಕೆಲವು ಮನೆಗಳಲ್ಲಿದೆ. ಶಾಸ್ತ್ರದ ಜೊತೆಗೆ ಸರಪಳಿಯ ಗಟ್ಟಿತನದ ಪರೀಕ್ಷೆಯೂ ಆಗಿಬಿಡುವುದು ಇದರ ಲಾಭ. ಸೀರೆಯಿಂದ ಕಟ್ಟುವ ಜೋಲಿ ಖರ್ಚಿಲ್ಲದ್ದು, ಹೊಲಗದ್ದೆಗಳಿಗೂ ಒಯ್ಯಬಹುದಾದದ್ದು. ಆದರೆ ಬಟ್ಟೆ ಕೆಳಕ್ಕೆ ಜಗ್ಗಿದಾಗ ಮಗುವಿನ ಬೆನ್ನು ಬಾಗಿ, ಗದ್ದ ಎದೆಗೆ ತಾಗಿ, ಉಸಿರಿನ ದಾರಿ ಕಿರಿದಾಗಬಹುದು. ಮಗುವನ್ನು ಸಮತಟ್ಟಾದ, ಗಟ್ಟಿಯಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕೆಂಬುದು ಇಂದಿನ ಮಕ್ಕಳ ವೈದ್ಯರ ನಿಲುವು. ಆದ್ದರಿಂದ ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬಾಗಲಿ, ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆಗಳಾಗಲಿ ಬೇಕಿಲ್ಲ. ಅಂಥ ಮೆತ್ತೆಗಳ ಮಾರಾಟವನ್ನು ಅಮೆರಿಕ 2022ರ ಕಾನೂನಿನಿಂದ ನಿಷೇಧಿಸಿತು.

ಹಾಲೂಡಿಸುವ ಸಾಧನಗಳಲ್ಲಿ ಒಳಲೆ ವಿಶೇಷವಾದುದು. ಚಿಪ್ಪಿನಂತೆ ತಗ್ಗಾಗಿದ್ದು ಒಂದು ಬದಿಗೆ ಉದ್ದನೆಯ ಮೂತಿಯಿರುವ ಈ ಬೆಳ್ಳಿಯ ಅಥವಾ ಕಂಚಿನ ಪುಟ್ಟ ಪಾತ್ರೆಯನ್ನು ಮನೆಗಳಲ್ಲಿ ಹಾಲಿಗೂ ಔಷಧಿಗೂ ಬಳಸುತ್ತ ಬಂದಿದ್ದಾರೆ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕಾದರೂ, ಅವಧಿಗೆ ಮುನ್ನ ಹುಟ್ಟಿ ಮೊಲೆ ಚೀಪುವ ಶಕ್ತಿ ಸಾಲದ ಕೂಸುಗಳಿಗೆ ಹಿಂಡಿದ ಎದೆಹಾಲನ್ನು ಕುಡಿಸಲು ಭಾರತದ ಆಸ್ಪತ್ರೆಗಳು ಇದೇ ಮಾದರಿಯ ಪಾತ್ರೆಯನ್ನು ನೆಚ್ಚಿಕೊಂಡಿವೆ. ಏಕೆಂದರೆ ಪೂರ್ತಿ ತೆರೆದಿರುವ ಒಳಲೆಯನ್ನು ತಿಕ್ಕಿ ತೊಳೆದು ಕುದಿಸಬಹುದು, ಬಾಟಲಿಯ ನಿಪ್ಪಲ್ಲಿನ ಸಂದಿಯಲ್ಲಿ ಹಾಲಿನ ಜಿಡ್ಡು ಉಳಿದು ರೋಗಾಣುಗಳು ಬೆಳೆಯುತ್ತವೆ. ಹಾಲಿನ ಬಾಟಲಿಯ ಜಾಹೀರಾತನ್ನೇ ಭಾರತದಲ್ಲಿ 1992ರ ಕಾಯಿದೆ ನಿಷೇಧಿಸಿದೆ.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ತಲೆಗೆ ಕುಲಾವಿ, ಹಾಸಲು ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ, ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿಬಟ್ಟೆಯ ಲಂಗೋಟಿ ಇದ್ದರೆ ಸಾಕು. ಒಮ್ಮೆ ಬಳಸಿ ಎಸೆಯುವ ಡೈಪರ್ ತನ್ನೊಳಗಿನ ಪಾಲಿಮರ್ ಹರಳುಗಳಿಂದ ಮೂತ್ರವನ್ನು ಹೀರುತ್ತದೆ. ರಾತ್ರಿ ಮತ್ತು ಪ್ರಯಾಣದಲ್ಲಿ ಅದರ ಅನುಕೂಲ ನಿಜವಾದರೂ, ಬಹಳ ಹೊತ್ತು ಬದಲಿಸದೆ ಬಿಟ್ಟರೆ ತೊಡೆಸಂದಿಯಲ್ಲಿ ಗಂಧೆ ಏಳುತ್ತದೆ.

ಇಂಥ ಸಾಮಗ್ರಿಗಳನ್ನು ಸರ್ಕಾರವೇ ಒದಗಿಸಿದ ನಿದರ್ಶನಗಳುಂಟು. ಫಿನ್ಲೆಂಡ್ 1938ರಲ್ಲಿ ಬಡ ತಾಯಂದಿರಿಗೂ 1949ರಿಂದ ಎಲ್ಲ ತಾಯಂದಿರಿಗೂ ಕೊಡತೊಡಗಿದ ಪೆಟ್ಟಿಗೆಯಲ್ಲಿ ಬಟ್ಟೆಗಳ ಜೊತೆಗೆ ಪುಟ್ಟ ಹಾಸಿಗೆಯೂ ಇದ್ದು, ಬರಿದಾದ ಪೆಟ್ಟಿಗೆಯೇ ಮಗುವಿನ ಮಂಚವಾಗುತ್ತದೆ. ಕರ್ನಾಟಕದ ‘ಮಡಿಲು’ ಯೋಜನೆಯು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಬಡ ಬಾಣಂತಿಯರಿಗೆ ಸೊಳ್ಳೆಪರದೆ, ಹೊದಿಕೆ, ಸೋಪು ಮುಂತಾದವುಗಳ ಚೀಲವನ್ನು ನೀಡಿತು.

ಪ್ರಯಾಣಕ್ಕೆಂದು ಇರುವ ಶಿಶು ಆಸನವನ್ನು ಕಾರಿನ ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಹಿಂಬದಿಗೆ ಇರುವಂತೆ ಕಟ್ಟಬೇಕು. ಡಿಕ್ಕಿಯಾದಾಗ ಹೊಡೆತವು ಎಳೆಯ ಕತ್ತಿನ ಮೇಲೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಇಂಥ ಆಸನವಿಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ಆದರೂ ಭಾರತದಲ್ಲಿ ಆಸ್ಪತ್ರೆಯಿಂದ ಮನೆಗೆ ಬರುವ ಕೂಸಿನ ಮೊದಲ ಪ್ರಯಾಣ ಬಹುಮಟ್ಟಿಗೆ ಹಿರಿಯರ ತೊಡೆಯ ಮೇಲೆಯೇ ಸಾಗುತ್ತದೆ.