ಫ್ರಾನ್ಸೆಸ್ ಬ್ರಾಂಡನ್‌ಳ ಎರಡನೆಯ ವಿವಾಹ: ದಿನಾಂಕ, ಭಾವಚಿತ್ರ ಮತ್ತು ಅಪವಾದ

ಇಂಗ್ಲೆಂಡಿನ ಟ್ಯೂಡರ್ ಅರಸುಮನೆತನಕ್ಕೆ ಸೇರಿದ, ಒಂಬತ್ತು ದಿನಗಳ ರಾಣಿ ಎಂದು ಹೆಸರಾದ ಜೇನ್ ಗ್ರೇಯ ತಾಯಿ ಫ್ರಾನ್ಸೆಸ್ ಬ್ರಾಂಡನ್ (1517–1559) ಇತಿಹಾಸ ಗ್ರಂಥಗಳಲ್ಲಿ ಬಹುಕಾಲ ಎರಡು ಅಪವಾದಗಳನ್ನು ಹೊತ್ತು ಬಂದಿದ್ದಾಳೆ. ಮಕ್ಕಳ ವಿಷಯದಲ್ಲಿ ಕ್ರೂರಿ ಎಂಬುದು ಒಂದು. ಮಗಳೂ ಗಂಡನೂ ವಧಾಸ್ಥಾನವೇರಿದ ಎರಡು ಮೂರು ವಾರಗಳಲ್ಲೇ ತನಗಿಂತ ಬಹಳ ಕಿರಿಯನಾದ ಸೇವಕನನ್ನು ಮದುವೆಯಾದಳು ಎಂಬುದು ಇನ್ನೊಂದು. ಮೊದಲನೆಯ ಅಪವಾದವನ್ನು ಇತ್ತೀಚಿನ ವಿದ್ವಾಂಸರು ಸಾಕಷ್ಟು ಸಡಿಲಿಸಿದ್ದಾರೆ. ಎರಡನೆಯದರ ವಿಷಯದಲ್ಲಿ ಹಳೆಯ ದಿನಾಂಕವನ್ನು ತಿದ್ದಿ ಹೊಸ ದಿನಾಂಕವನ್ನು ನಿಲ್ಲಿಸುವ ಪ್ರಯತ್ನ ನಡೆದಿದೆ. ಈ ತಿದ್ದುಪಡಿಗೆ ಬಲವಾದ ಆಧಾರಗಳಿದ್ದರೂ ಅದು ಇನ್ನೂ ಸಿದ್ಧವಾಗಿಲ್ಲವೆಂದೂ, ಅಪವಾದವು ಬೀಳಬೇಕಾದರೆ ದಿನಾಂಕ ಬದಲಾಗಲೇಬೇಕೆಂಬ ನಿರ್ಬಂಧವಿಲ್ಲವೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫ್ರಾನ್ಸೆಸ್‌ಳ ಜೀವನದ ಮುಖ್ಯ ಘಟನೆಗಳ ಬಗ್ಗೆ ವಿವಾದವಿಲ್ಲ. ಎಂಟನೆಯ ಹೆನ್ರಿಯ ತಂಗಿಯೂ ಫ್ರಾನ್ಸಿನ ಹನ್ನೆರಡನೆಯ ಲೂಯಿಯ ವಿಧವೆಯೂ ಆಗಿದ್ದ ಮೇರಿ ಟ್ಯೂಡರ್, 1515ರಲ್ಲಿ ಅಣ್ಣನ ಅನುಮತಿಗೆ ಕಾಯದೆ ಸಫಕ್‌ನ ಡ್ಯೂಕ್ ಚಾರ್ಲ್ಸ್ ಬ್ರಾಂಡನ್‌ನನ್ನು ವರಿಸಿದಳು. ಆ ದಾಂಪತ್ಯದ ಹಿರಿಯ ಮಗಳು ಫ್ರಾನ್ಸೆಸ್. 1533ರಲ್ಲಿ ಆಕೆಯ ವಿವಾಹ ಡಾರ್ಸೆಟ್‌ನ ಮಾರ್ಕ್ವಿಸ್ ಹೆನ್ರಿ ಗ್ರೇಯೊಂದಿಗೆ ನಡೆಯಿತು. ಅರಂಡೆಲ್‌ನ ಅರ್ಲ್‌ನ ಮಗಳೊಂದಿಗೆ ಆಗಿದ್ದ ನಿಶ್ಚಿತಾರ್ಥವನ್ನು ಮುರಿದು ಆತ ಈ ಸಂಬಂಧಕ್ಕೆ ಬಂದಿದ್ದನೆಂಬುದು, ರಾಜರಕ್ತದ ವಧುವಿಗೆ ಆ ಕಾಲದಲ್ಲಿದ್ದ ಬೆಲೆಯನ್ನು ಸೂಚಿಸುತ್ತದೆ. ಜೇನ್, ಕ್ಯಾಥರೀನ್, ಮೇರಿ ಎಂಬ ಮೂವರು ಹೆಣ್ಣುಮಕ್ಕಳು ಬದುಕುಳಿದರು. 1551ರ ಜುಲೈನಲ್ಲಿ, ಆಗ ಇಂಗ್ಲೆಂಡನ್ನು ಕಾಡುತ್ತಿದ್ದ ಬೆವರುಜ್ವರ ಎಂಬ ಸಾಂಕ್ರಾಮಿಕಕ್ಕೆ ಫ್ರಾನ್ಸೆಸ್‌ಳ ಮಲತಮ್ಮಂದಿರಿಬ್ಬರೂ ಒಂದೇ ದಿನ ಬಲಿಯಾದ ಮೇಲೆ, ಅದೇ ಅಕ್ಟೋಬರ್‌ನಲ್ಲಿ ಸಫಕ್ ಡ್ಯೂಕ್ ಪದವಿ ಆಕೆಯ ಗಂಡನಿಗೆ ದೊರೆಯಿತು. 1553ರ ಜುಲೈನಲ್ಲಿ ಆರನೆಯ ಎಡ್ವರ್ಡ್ ತೀರಿಕೊಂಡಾಗ ಜೇನ್‌ಳನ್ನು ಸಿಂಹಾಸನಕ್ಕೇರಿಸಿದ ಪ್ರಯತ್ನ ವಿಫಲವಾಗಿ, ಎಡ್ವರ್ಡನ ಅಕ್ಕ ಮೇರಿ ರಾಣಿಯಾದಳು. ಮೇರಿ ರಾಣಿಯ ಬಳಿಗೆ ತಾನೇ ಹೋಗಿ ಬೇಡಿಕೊಂಡ ಫ್ರಾನ್ಸೆಸ್ ಆ ಬಾರಿ ಗಂಡನನ್ನು ಬಿಡಿಸಿಕೊಂಡಳು. ಆದರೆ ಆತ 1554ರ ಆರಂಭದಲ್ಲಿ ವಯಟ್ ನಾಯಕತ್ವದ ಬಂಡಾಯದಲ್ಲಿ ಸೇರಿಕೊಂಡದ್ದರಿಂದ ಫೆಬ್ರುವರಿ 12ರಂದು ಜೇನ್‌ಳ, 23ರಂದು ಡ್ಯೂಕನ ಶಿರಚ್ಛೇದವಾಯಿತು. ಅನಂತರ ಫ್ರಾನ್ಸೆಸ್ ತನ್ನ ಮನೆವಾರ್ತೆಯ ಅಧಿಕಾರಿಯಾಗಿದ್ದ ಏಡ್ರಿಯನ್ ಸ್ಟೋಕ್ಸ್‌ನನ್ನು ವಿವಾಹವಾಗಿ, 1559ರ ನವೆಂಬರ್‌ನಲ್ಲಿ ಮರಣಹೊಂದಿ, ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಸಮಾಧಿಯಾದಳು.

ಕ್ರೌರ್ಯದ ಅಪವಾದದ ಬುಡ ರಾಜರ್ ಆಸ್ಕಮ್‌ನ 1570ರ ಶಿಕ್ಷಣಗ್ರಂಥ ‘ದಿ ಸ್ಕೋಲ್‌ಮಾಸ್ಟರ್’ನಲ್ಲಿದೆ. 1550ರಲ್ಲಿ ಬ್ರ್ಯಾಡ್‌ಗೇಟ್ ಮನೆಯಲ್ಲಿ ಜೇನ್ ತನ್ನೆದುರು ತಂದೆತಾಯಿಯರ ಕಠಿಣ ಶಿಕ್ಷೆಯನ್ನು ದೂರಿದಳೆಂದು ಆತ ಅಲ್ಲಿ ಬರೆಯುತ್ತಾನೆ. ಮಕ್ಕಳಿಗೆ ಹೊಡೆಯದೆ ಪ್ರೀತಿಯಿಂದ ಕಲಿಸಬೇಕೆಂಬ ವಾದಕ್ಕೆ ದೃಷ್ಟಾಂತವಾಗಿ ಈ ಪ್ರಸಂಗ ಬರುತ್ತದೆ. ಭೇಟಿಯ ಬೆನ್ನಿಗೇ ಯೋಹಾನ್ ಸ್ಟುರ್ಮ್‌ಗೆ ಬರೆದ ಪತ್ರದಲ್ಲಿ ಆತ ಜೇನ್‌ಳ ಪ್ಲೇಟೋ ವ್ಯಾಸಂಗವನ್ನು ಕೊಂಡಾಡಿದನೇ ಹೊರತು ಇಂಥ ದೂರನ್ನು ಹೇಳಲಿಲ್ಲ. ಲಿಯಾಂಡಾ ಡಿ ಲೈಲ್ ಮೊದಲಾದವರು ಈ ಸಾಕ್ಷ್ಯವನ್ನು ವಿವರವಾಗಿ ತೂಗಿ ನೋಡಿರುವುದರಿಂದ ಇಲ್ಲಿ ಅದನ್ನು ಮತ್ತೆ ಕೆದಕುವ ಅಗತ್ಯವಿಲ್ಲ.

ವಿವಾದದ ಕೇಂದ್ರವಾದ ಎರಡನೆಯ ವಿವಾಹಕ್ಕೆ ಪರಂಪರೆಯು ಕೊಡುತ್ತ ಬಂದಿರುವ ದಿನಾಂಕ 1554ರ ಮಾರ್ಚ್ 9. ಇದನ್ನು ಹಾಗೆಯೇ ಒಪ್ಪಿದರೆ ಡ್ಯೂಕನ ವಧೆಗೂ ವಿಧವೆಯ ಮರುಮದುವೆಗೂ ನಡುವೆ ಉಳಿಯುವುದು ಕೇವಲ 14 ದಿನ. ಈ ದಿನಾಂಕದ ವಿರುದ್ಧ ಎತ್ತಲಾಗಿರುವ ಮೊದಲ ಆಕ್ಷೇಪ ಪಂಚಾಂಗಕ್ಕೆ ಸಂಬಂಧಿಸಿದ್ದು. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸವರ್ಷ ಆರಂಭವಾಗುತ್ತಿದ್ದುದು ಜನವರಿ 1ರಂದಲ್ಲ, ಮಾರ್ಚ್ 25ರಂದು. ಆದ್ದರಿಂದ ಅಂದಿನ ಬರಹಗಾರನೊಬ್ಬ ‘ಮಾರ್ಚ್ 9, 1554’ ಎಂದು ಬರೆದಿದ್ದರೆ, ಇಂದಿನ ಎಣಿಕೆಯಲ್ಲಿ ಅದು 1555ರ ಮಾರ್ಚ್ ಆಗುತ್ತದೆ. ಅದೇ ಎಣಿಕೆಯಂತೆ ಡ್ಯೂಕನ ವಧೆಯ ತಿಂಗಳು 1553ರ ಫೆಬ್ರುವರಿ ಎಂದು ದಾಖಲಾಗಬೇಕು. ವಧೆಯ ವರ್ಷವನ್ನು ಇಂದಿನ ಎಣಿಕೆಗೆ ತಿದ್ದಿ, ಮದುವೆಯ ವರ್ಷವನ್ನು ತಿದ್ದದೆ ಬಿಟ್ಟರೆ, ಹನ್ನೆರಡು ತಿಂಗಳಿಗೂ ಮಿಕ್ಕಿದ ವೈಧವ್ಯ ಎರಡು ವಾರಕ್ಕೆ ಕುಗ್ಗುತ್ತದೆ.

ಈ ವಿವರಣೆ ಅಚ್ಚುಕಟ್ಟಾಗಿದೆಯಾದರೂ ಅದಕ್ಕೊಂದು ಮಿತಿಯಿದೆ. ಕ್ರಿಸ್ತವರ್ಷವನ್ನು ಬಳಸಿದ ಬರಹಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ನ್ಯಾಯಾಲಯದ ಹಾಗೂ ಭೂದಾಖಲೆಗಳ ಬರಹಗಾರರು ಸಾಮಾನ್ಯವಾಗಿ ಅರಸನ ಆಳ್ವಿಕೆಯ ವರ್ಷದಿಂದ ಎಣಿಸುತ್ತಿದ್ದರು. ಮೇರಿಯ ಆಳ್ವಿಕೆಯ ಮೊದಲ ವರ್ಷದ ಮಾರ್ಚ್ ಎಂದರೆ ನಿಸ್ಸಂದೇಹವಾಗಿ 1554. 1554ರ ಜುಲೈನಲ್ಲಿ ಸ್ಪೇನಿನ ಫಿಲಿಪ್‌ನೊಂದಿಗೆ ಆಕೆಯ ಮದುವೆಯಾದ ಮೇಲೆ ದಾಖಲೆಗಳು ಇಬ್ಬರ ಹೆಸರನ್ನೂ ಹೊರುವುದರಿಂದ 1555ರ ಮಾರ್ಚ್ ಅದರೊಂದಿಗೆ ಬೆರೆಯುವಂತಿಲ್ಲ. ಹೀಗಾಗಿ ಪಂಚಾಂಗದ ವಾದವು ದೋಷ ಹೇಗೆ ಹುಟ್ಟಿರಬಹುದೆಂಬುದನ್ನು ವಿವರಿಸಬಲ್ಲದೇ ವಿನಾ ದೋಷ ಹುಟ್ಟಿದೆಯೆಂದು ತಾನೊಂದೇ ಸಾಧಿಸಲಾರದು.

ಅಂಥ ಸಾಧನೆಗೆ ಬೇಕಾದ ಸ್ವತಂತ್ರ ಸಾಕ್ಷ್ಯವಾಗಿ, ಐದನೆಯ ಚಾರ್ಲ್ಸ್ ಸಾಮ್ರಾಟನ ರಾಯಭಾರಿ ಸಿಮೋನ್ ರೆನಾರ್‌ನ 1555ರ ಏಪ್ರಿಲ್‌ನ ವರದಿಯನ್ನು ಮುಂದಿಡಲಾಗಿದೆ. ಡೆವನ್‌ನ ಅರ್ಲ್ ಎಡ್ವರ್ಡ್ ಕೋರ್ಟ್ನಿಗೆ ಫ್ರಾನ್ಸೆಸ್‌ಳನ್ನು ತರುವ ಆಲೋಚನೆಯನ್ನು ಆತ ಅದರಲ್ಲಿ ಪ್ರಸ್ತಾಪಿಸುತ್ತಾನೆ. ಕೋರ್ಟ್ನಿ ಹಳೆಯ ಯಾರ್ಕ್ ರಾಜವಂಶದ ರಕ್ತದವನು. ಒಂದು ಕಾಲಕ್ಕೆ ಮೇರಿ ರಾಣಿಗೂ ಅನಂತರ ಆಕೆಯ ತಂಗಿ ಎಲಿಜಬೆತ್‌ಳಿಗೂ ವರನಾಗಿ ಅವನ ಹೆಸರು ಕೇಳಿಬಂದಿತ್ತು. ಹಳೆಯ ದಿನಾಂಕ ಸರಿಯಾಗಿದ್ದರೆ, ಮದುವೆಯಾಗಿ ಒಂದು ವರ್ಷಕ್ಕೂ ಮೀರಿದ ಹೆಂಗಸನ್ನು ಆಸ್ಥಾನವು ಇನ್ನೂ ವಿಧವೆಯೆಂದೇ ಭಾವಿಸಿತ್ತೆಂದು ಒಪ್ಪಬೇಕಾಗುತ್ತದೆ. ಫ್ರಾನ್ಸೆಸ್ ದೂರದ ಹಳ್ಳಿಮನೆಯೊಂದರಲ್ಲಿ ಮರೆಯಾಗಿದ್ದವಳಲ್ಲ. ಹೆಣ್ಣುಮಕ್ಕಳೊಂದಿಗೆ ಮೇರಿಯ ಆಸ್ಥಾನದಲ್ಲಿ ಸ್ಥಾನ ಪಡೆದಿದ್ದವಳು. ಅಂಥವಳ ಮದುವೆ ಅಷ್ಟು ಕಾಲ ಗುಟ್ಟಾಗಿ ಉಳಿಯುವುದು ಕಷ್ಟ.

ಆದರೆ ಮೌನದಿಂದ ಹೊರಡಿಸುವ ಎಲ್ಲ ನಿರ್ಣಯಗಳಂತೆ ಇದಕ್ಕೂ ಪ್ರತಿವಾದವಿದೆ. ರೆನಾರ್ ವರದಿ ಮಾಡಿದ್ದು ಒಂದು ಪ್ರಸ್ತಾಪವನ್ನು. ಅಂಥ ಪ್ರಸ್ತಾಪಗಳನ್ನು ತೇಲಿಬಿಡುವವರು ವಧುವಿನ ಸ್ಥಿತಿಯನ್ನು ವಿಚಾರಿಸಿಯೇ ಮಾತಾಡುತ್ತಿದ್ದರೆಂದು ಹೇಳಲಾಗದು. ಅಲ್ಲದೆ 1555ರ ಮಾರ್ಚ್ ಎಂಬ ತಿದ್ದಿದ ದಿನಾಂಕವನ್ನು ಒಪ್ಪಿದರೂ ಏಪ್ರಿಲ್ ಹೊತ್ತಿಗೆ ಆಕೆ ವಿವಾಹಿತೆಯೇ ಆಗಿರುತ್ತಾಳೆ. ಅಂದರೆ ರೆನಾರ್‌ನ ಅಜ್ಞಾನವನ್ನು ಎರಡೂ ಪಕ್ಷಗಳು ಒಪ್ಪಲೇಬೇಕು, ಅದರ ಅವಧಿಯಲ್ಲಷ್ಟೇ ವ್ಯತ್ಯಾಸ. ಕೆಲವು ವಾರಗಳ ಗುಟ್ಟು ಹದಿಮೂರು ತಿಂಗಳ ಗುಟ್ಟಿಗಿಂತ ಹೆಚ್ಚು ಸಂಭವನೀಯ ಎಂಬಷ್ಟಕ್ಕೆ ಈ ಸಾಕ್ಷ್ಯದ ಬಲ ನಿಲ್ಲುತ್ತದೆ.

ತಿದ್ದುಪಡಿಯನ್ನು ಸಮರ್ಥಿಸುವವರು ಸಾಕಷ್ಟು ಗಮನಿಸದ ಇನ್ನೊಂದು ತೊಡಕು ಈ ದಾಂಪತ್ಯದಲ್ಲಿ ಹುಟ್ಟಿ ಬದುಕುಳಿಯದ ಮಕ್ಕಳದು. ಎಲಿಜಬೆತ್ ಎಂಬ ಮಗಳ ಜನನವನ್ನು ವಂಶಾವಳಿಗಳು ಒಮ್ಮೆ 1554ರ ನವೆಂಬರ್‌ಗೂ ಒಮ್ಮೆ 1555ರ ಜುಲೈಗೂ ಹಾಕುತ್ತವೆ. ಈ ಎರಡೂ ತಿಂಗಳುಗಳು ಮಾರ್ಚ್ 25ರ ಗಡಿಯಿಂದ ದೂರವಿರುವುದರಿಂದ ಪಂಚಾಂಗದ ಗೊಂದಲ ಅವನ್ನು ಮುಟ್ಟುವುದಿಲ್ಲ. ನವೆಂಬರ್ ನಮೂದು ನಿಜವಾದರೆ ಅದು ಹಳೆಯ ದಿನಾಂಕಕ್ಕೆ ಸರಿಹೊಂದುತ್ತದೆ. ಜುಲೈ ನಮೂದು ನಿಜವಾಗಿ, ಮದುವೆ 1555ರ ಮಾರ್ಚ್‌ನಲ್ಲಿ ನಡೆದಿದ್ದರೆ, ವಧು ಆಗಲೇ ಗರ್ಭಿಣಿಯಾಗಿದ್ದಳೆಂದೂ, ಏಪ್ರಿಲ್‌ನಲ್ಲಿ ರೆನಾರ್ ಕೋರ್ಟ್ನಿಯ ಸಂಬಂಧವನ್ನು ಪ್ರಸ್ತಾಪಿಸುವಾಗ ಆಕೆಗೆ ಆರು ತಿಂಗಳಾಗಿತ್ತೆಂದೂ ಒಪ್ಪಬೇಕಾಗುತ್ತದೆ. ಎರಡೂ ನಮೂದುಗಳು ಬೇರೆ ಬೇರೆ ಪೂರ್ಣಾವಧಿ ಹೆರಿಗೆಗಳಾಗಿರಲು ನಡುವಿನ ಎಂಟು ತಿಂಗಳು ಸಾಲದು. ಆದ್ದರಿಂದ ರೆನಾರ್‌ನ ವರದಿಯನ್ನೂ ಜುಲೈ ಜನನವನ್ನೂ ಒಟ್ಟಿಗೆ, ಸಮಾನ ವಿಶ್ವಾಸದಿಂದ, 1555ರ ಪಕ್ಷಕ್ಕೆ ಸಾಕ್ಷಿಯಾಗಿ ಕರೆಯುವುದು ಸಾಧ್ಯವಿಲ್ಲ. 1555 ಹೆಚ್ಚು ಸಂಭವನೀಯ, 1554 ತಳ್ಳಿಹಾಕಲಾಗದ್ದು ಎಂಬುದಕ್ಕಿಂತ ಮುಂದೆ ಈಗಿನ ಸಾಕ್ಷ್ಯ ಹೋಗಲಾರದು.

ಇಷ್ಟಾದರೂ ಅಪವಾದ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬೇರೆಡೆಯಿದೆ. ಹದಿನೆಂಟನೆಯ ಶತಮಾನದಲ್ಲಿ ಜಾರ್ಜ್ ವರ್ಟ್ಯೂ, ಹಾನ್ಸ್ ಯೂವರ್ತ್ 1559ರಲ್ಲಿ ಬರೆದ ಜೋಡಿ ಭಾವಚಿತ್ರವೊಂದನ್ನು ಫ್ರಾನ್ಸೆಸ್ ಮತ್ತು ಸ್ಟೋಕ್ಸ್‌ರದೆಂದು ಗುರುತಿಸಿದನು. ಸ್ಥೂಲಕಾಯದ, ಬಿಗಿಮುಖದ ಹೆಂಗಸು, ಅವಳ ಪಕ್ಕದಲ್ಲಿ ಎಳೆಯ ಯುವಕ. ಚಿತ್ರದ ಮೇಲಿನ ಬರಹದಂತೆ ಅವಳಿಗೆ 36 ವರ್ಷ, ಅವನಿಗೆ 21. ಎರಡು ಶತಮಾನಗಳ ಕಾಲ ಓದುಗರ ಮನಸ್ಸಿನಲ್ಲಿ ಫ್ರಾನ್ಸೆಸ್‌ಳ ಸ್ವಭಾವವನ್ನು ರೂಪಿಸಿದ್ದು ಈ ಚಿತ್ರವೇ. 1986ರಲ್ಲಿ ಸೂಸನ್ ಫಾಯ್ಸ್ಟರ್ ಇದು ಲೇಡಿ ಡೇಕರ್ ಮೇರಿ ನೆವಿಲ್ ಮತ್ತು ಆಕೆಯ ಮಗ ಗ್ರೆಗರಿ ಫೈನ್ಸ್‌ರ ಚಿತ್ರವೆಂದು ತೋರಿಸಿಕೊಟ್ಟರು. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿ ಅದು ಈಗ ಆ ಹೆಸರಿನಲ್ಲೇ ಇದೆ. 1517ರಲ್ಲಿ ಹುಟ್ಟಿದ ಫ್ರಾನ್ಸೆಸ್‌ಳಿಗೆ 1559ರಲ್ಲಿ 36 ವರ್ಷವಾಗಿರಲು ಸಾಧ್ಯವೇ ಇರಲಿಲ್ಲ. 1519ರಲ್ಲಿ ಹುಟ್ಟಿದ ಸ್ಟೋಕ್ಸ್ ಆಕೆಗಿಂತ ಎರಡೇ ವರ್ಷ ಕಿರಿಯ. ಹದಿನೈದು ವರ್ಷದ ಅಂತರವೆಂಬುದು ತಾಯಿ ಮಗನ ವಯಸ್ಸಿನ ಅಂತರವಾಗಿತ್ತು.

ಅಪವಾದವನ್ನು ಹುಟ್ಟಿಸಿದ್ದು ಚಿತ್ರವೇ ಎಂದರೆ ಅತಿಮಾತಾಗುತ್ತದೆ. ವರ್ಟ್ಯೂಗಿಂತ ಒಂದು ಶತಮಾನ ಮೊದಲೇ ವಿಲಿಯಂ ಕ್ಯಾಮ್ಡನ್ ಈ ಮದುವೆಯನ್ನು ಆಕೆಯ ಮರ್ಯಾದೆಗೆ ಕುಂದೆಂದೂ, ಆದರೆ ಸುರಕ್ಷತೆಗೆ ನೆರವೆಂದೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಅಂದರೆ ಮೂಲದಲ್ಲಿದ್ದ ಆಕ್ಷೇಪ ಅಂತಸ್ತಿನದು. ಅದನ್ನು ವಯಸ್ಸಿನ, ಕಾಮದ ಆಕ್ಷೇಪವಾಗಿ ತಿರುಗಿಸಿದ್ದು ಬಹುಮಟ್ಟಿಗೆ ಚಿತ್ರದ ತಪ್ಪು ಗುರುತು ಎಂದು ಇಲ್ಲಿ ಸೂಚಿಸಲಾಗಿದೆ. ಆತುರದ ಕಥೆಗೆ ನಂಬಿಕೆ ಬಂದದ್ದೂ ಆ ತಿರುವಿನಿಂದಲೇ ಇರಬಹುದು.

ಅಂತಸ್ತಿನ ಆಕ್ಷೇಪವೂ ಆ ಕಾಲದ ರೂಢಿಯ ಎದುರು ಹೆಚ್ಚು ನಿಲ್ಲುವುದಿಲ್ಲ. ಫ್ರಾನ್ಸೆಸ್‌ಳ ಮನೆವಾರ್ತೆಯಲ್ಲಿ ಸ್ಟೋಕ್ಸ್ ಹೊಂದಿದ್ದ ಅಶ್ವಾಧ್ಯಕ್ಷ ಹುದ್ದೆ ಲಾಯದ ಆಳಿನದಲ್ಲ. ದೊಡ್ಡ ಮನೆತನವೊಂದರ ಕುದುರೆ, ಸವಾರಿ, ಪ್ರಯಾಣಗಳ ಹೊಣೆ ಹೊತ್ತ ಕುಲೀನನ ಹುದ್ದೆ. ಆತ 1559ರಲ್ಲಿ ಲೆಸ್ಟರ್‌ಶೈರ್‌ನ ಪ್ರತಿನಿಧಿಯಾಗಿ ಕಾಮನ್ಸ್ ಸಭೆಗೆ ಆಯ್ಕೆಯಾದನು. ಫ್ರಾನ್ಸೆಸ್‌ಳ ಮಲತಾಯಿ, ವಯಸ್ಸಿನಲ್ಲಿ ಆಕೆಗಿಂತ ಕಿರಿಯಳಾದ ಕ್ಯಾಥರೀನ್ ವಿಲಬಿ, ಚಾರ್ಲ್ಸ್ ಬ್ರಾಂಡನ್ ಸತ್ತ ಮೇಲೆ ತನ್ನ ಮನೆಯ ಅಧಿಕಾರಿ ರಿಚರ್ಡ್ ಬರ್ಟಿಯನ್ನು ವರಿಸಿದಳು. ಸಾಮರ್ಸೆಟ್‌ನ ಡ್ಯೂಕನ ವಧೆಯ ತರುವಾಯ ಅವನ ವಿಧವೆ ಆನ್ ಸ್ಟ್ಯಾನ್‌ಹೋಪ್ ತನ್ನ ಮನೆವಾರ್ತೆಯ ಅಧಿಕಾರಿ ಫ್ರಾನ್ಸಿಸ್ ನ್ಯೂಡಿಗೇಟ್‌ನನ್ನು ಮದುವೆಯಾದಳು. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಹೆಂಡತಿಯ ಚರಾಸ್ತಿ ಗಂಡನ ಸ್ವತ್ತಾಗುತ್ತಿತ್ತು, ಅವಳ ಜಮೀನಿನ ನಿರ್ವಹಣೆಯೂ ಅವನ ಕೈ ಸೇರುತ್ತಿತ್ತು. ಬಲಿಷ್ಠ ಕುಲೀನನೊಬ್ಬನಿಗೆ ಇದನ್ನು ಒಪ್ಪಿಸುವುದಕ್ಕಿಂತ, ತನ್ನ ಲೆಕ್ಕಪತ್ರ ಬಲ್ಲ, ತನಗೆ ಋಣಿಯಾದ ಅಧಿಕಾರಿಯೊಬ್ಬನನ್ನು ಗಂಡನಾಗಿ ಆರಿಸಿಕೊಳ್ಳುವುದು ಡಚೆಸ್‌ಗಳಿಗೆ ವಿವೇಕದ ದಾರಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಫ್ರಾನ್ಸೆಸ್‌ಳ ವಿಷಯದಲ್ಲಿ ರಾಜಕೀಯ ಲಾಭವೂ ಇತ್ತು: ಕೋರ್ಟ್ನಿಯಂಥ ರಾಜರಕ್ತದವನನ್ನು ಮದುವೆಯಾದರೆ ಸಿಂಹಾಸನದ ಮೇಲೆ ಕಣ್ಣಿಟ್ಟಂತೆ ಕಾಣುತ್ತಿತ್ತು, ಸ್ಟೋಕ್ಸ್‌ನನ್ನು ಮದುವೆಯಾದರೆ ಅಂಥ ಶಂಕೆ ಹುಟ್ಟುತ್ತಿರಲಿಲ್ಲ. ಈ ವಾದವನ್ನೂ ಎಚ್ಚರದಿಂದಲೇ ಮುಂದಿಡಬೇಕು. ಎಂಟನೆಯ ಹೆನ್ರಿಯ ಮರಣಶಾಸನವು ಎಲಿಜಬೆತ್‌ಳ ಅನಂತರ ಫ್ರಾನ್ಸೆಸ್‌ಳನ್ನು ಬಿಟ್ಟು ಅವಳ ಸಂತಾನಕ್ಕೆ ಹಕ್ಕು ಕೊಟ್ಟಿತ್ತು. ಆ ಸಂತಾನದ ತಂದೆ ಯಾರಿರಬೇಕೆಂದು ಅದು ನಿಗದಿಪಡಿಸಿರಲಿಲ್ಲ. ಸ್ಟೋಕ್ಸ್‌ನಿಂದ ಗಂಡುಮಗು ಹುಟ್ಟಿ ಉಳಿದಿದ್ದರೆ, ಕಾನೂನಿನ ಅಕ್ಷರದಂತೆ ಅದು ಕ್ಯಾಥರೀನ್ ಮತ್ತು ಮೇರಿ ಗ್ರೇಯರಿಗಿಂತ ಮೊದಲ ಸ್ಥಾನದಲ್ಲಿರುತ್ತಿತ್ತು. ಆದ್ದರಿಂದ ಈ ಮದುವೆ ಉತ್ತರಾಧಿಕಾರದ ತೊಡಕಿನಿಂದ ಬಿಡುಗಡೆ ತಂದಿತೆನ್ನುವುದು ಸರಿಯಲ್ಲ. ಮಹತ್ವಾಕಾಂಕ್ಷಿ ಗಂಡನೊಬ್ಬನ ಪಗಡೆಕಾಯಾಗುವ ಅಪಾಯದಿಂದ ಅದು ಆಕೆಯನ್ನು ಕಾಪಾಡಿತು ಎಂಬಷ್ಟನ್ನು ಹೇಳಬಹುದು. ಜೇನ್‌ಳ ಅಂತ್ಯವನ್ನು ಕಂಡವಳಿಗೆ ಅದು ಸಣ್ಣ ಲಾಭವಲ್ಲ.

ದಾಂಪತ್ಯದ ಒಳಸ್ಥಿತಿಗೂ ಒಂದು ಸುಳಿವಿದೆ. ಕ್ಯಾಥರೀನ್ ಗ್ರೇಯನ್ನು ಹರ್ಟ್‌ಫರ್ಡ್‌ನ ಅರ್ಲ್ ಎಡ್ವರ್ಡ್ ಸೇಮರ್‌ಗೆ ಕೊಡಲು ಫ್ರಾನ್ಸೆಸ್ 1559ರಲ್ಲಿ ಒಪ್ಪಿದ್ದಳು. ರಾಣಿ ಎಲಿಜಬೆತ್‌ಳ ಅನುಮತಿ ಕೋರುವ ಪತ್ರದ ಕರಡನ್ನು ಸಿದ್ಧಪಡಿಸಿದವನು ಸ್ಟೋಕ್ಸ್. ಫ್ರಾನ್ಸೆಸ್‌ಳ ಸಾವಿನಿಂದ ಆ ಪ್ರಯತ್ನ ನಿಂತುಹೋಗಿ, 1560ರಲ್ಲಿ ನಡೆದ ಗುಪ್ತ ವಿವಾಹ ಕ್ಯಾಥರೀನ್‌ಳನ್ನು ಸೆರೆಮನೆಗೆ ಒಯ್ದಿತು. ಮಲಮಗಳ ಮದುವೆಯ ಮಾತುಕತೆಯಲ್ಲಿ ಸ್ಟೋಕ್ಸ್‌ಗೆ ಇದ್ದ ಈ ಪಾಲು, ಆತ ಆ ಕುಟುಂಬದ ವಿಶ್ವಾಸ ಗಳಿಸಿದ್ದನೆಂಬುದನ್ನು ತೋರಿಸುತ್ತದೆ. 1563ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹೆಂಡತಿಯ ಸಮಾಧಿಯನ್ನು ಕಟ್ಟಿಸಿದವನೂ ಆತನೇ.

ಒಟ್ಟಿನಲ್ಲಿ, ವಯಸ್ಸಿನ ಅಂತರದ ಕಥೆ ಸಂಪೂರ್ಣವಾಗಿ ಬಿದ್ದಿದೆ. ಅಂತಸ್ತಿನ ಆಕ್ಷೇಪ ಆ ವರ್ಗದ ರೂಢಿಯಲ್ಲಿ ಕರಗುತ್ತದೆ. ಆತುರದ ಆರೋಪ ಮಾತ್ರ ದಿನಾಂಕವನ್ನು ಅವಲಂಬಿಸಿದೆ. ಆ ದಿನಾಂಕವೂ 1554 ಎಂದೇ ಖಚಿತವಾದರೂ, ರಾಜದ್ರೋಹಿಯ ವಿಧವೆಯಾಗಿ, ಎರಡು ಬಾರಿ ಬಂಡಾಯದಲ್ಲಿ ಸಿಲುಕಿದ ಮನೆತನದ ಉಳಿದ ಇಬ್ಬರು ಹೆಣ್ಣುಮಕ್ಕಳ ಹೊಣೆ ಹೊತ್ತಿದ್ದವಳ ಅವಸರಕ್ಕೆ ಭಯವೂ ಸಾಕಷ್ಟು ಕಾರಣವಾಗಬಲ್ಲದು. ದಿನಾಂಕದ ತೀರ್ಮಾನಕ್ಕೆ ಎಲಿಜಬೆತ್ ಸ್ಟೋಕ್ಸ್‌ಳ ಜನನದ ಎರಡು ನಮೂದುಗಳ ಮೂಲವನ್ನು ಬೇರೆ ಬೇರೆಯಾಗಿ ಬೆನ್ನಟ್ಟಿ, ಯಾವುದು ಸಮಕಾಲೀನ ಬರಹದಿಂದ ಬಂದದ್ದು, ಯಾವುದು ನಂತರದ ವಂಶಾವಳಿಕಾರರ ಊಹೆ ಎಂಬುದನ್ನು ವಿಂಗಡಿಸುವುದು ಮೊದಲ ಕೆಲಸವಾಗಬೇಕು. ಅದು ಮುಗಿಯುವ ತನಕ ಮದುವೆಯ ವರ್ಷವನ್ನು ‘1554 ಅಥವಾ 1555’ ಎಂದು ಬರೆಯುವುದೇ ಸಾಕ್ಷ್ಯಕ್ಕೆ ಹೆಚ್ಚು ನಿಷ್ಠವಾದ ಕ್ರಮ.